ಒಂಬತ್ತನೆಯ ಸಾಲಿನ ಯುವರಾಜ

ಶಾಸನ ನಕಲು ಮಾಡುವವರಿಗೆ ಒಂದು ನಿಯಮವಿದೆ. ಕಲ್ಲಿನ ಮೇಲೆ ಕಂಡದ್ದನ್ನು ಕಂಡಂತೆ ಬರೆಯಬೇಕು. ಸವೆದು ಹೋಗಿದ್ದರೆ, ಮುಚ್ಚಿ ಹೋಗಿದ್ದರೆ, ಅಲ್ಲಿ ಏನಿದ್ದಿರಬಹುದೆಂದು ಊಹಿಸಿದ್ದನ್ನು ಚೌಕ ಕಂಸದೊಳಗೆ ಹಾಕಬೇಕು. ಓದುವವನಿಗೆ ಕಲ್ಲಿನ ಮಾತು ಯಾವುದು, ನಕಲುಗಾರನ ಮಾತು ಯಾವುದು ಎಂದು ಆ ಎರಡು ಗೀಟುಗಳಿಂದಲೇ ತಿಳಿಯುವುದು. ನಾನು ಒಮ್ಮೆ ಆ ಗೀಟುಗಳನ್ನು ಬಿಟ್ಟೆ. ಒಂದೇ ಒಂದು ಸಲ. ಅದನ್ನು ಸರಿಮಾಡಲು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ.

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ಪಟೇಲಿಕೆ, ಶಾನುಭೋಗಿಕೆಗಳು ಇನ್ನು ಮುಂದೆ ವಂಶದಿಂದ ವಂಶಕ್ಕೆ ಹೋಗುವುದಿಲ್ಲವೆಂಬ ಸುದ್ದಿ ಹಳ್ಳಿಹಳ್ಳಿಯಲ್ಲಿ ಹಬ್ಬಿತ್ತು. ನಾನು ಯಶವಂತಪುರದಲ್ಲಿ ಒಂದು ಕೋಣೆ ಹಿಡಿದು, ಪೇಟೆಯಲ್ಲಿದ್ದ ಇತಿಹಾಸ ಕೋಶದ ಕಚೇರಿಯೊಂದಕ್ಕೆ ಸೈಕಲ್ ತುಳಿಯುತ್ತಿದ್ದ ಹಂಗಾಮಿ ನಕಲುಗಾರ. ನಮ್ಮ ಸಂಪಾದಕರು ಕೋಶಕ್ಕಾಗಿ ‘ಯುವರಾಜ’ ಎಂಬ ಬಿರುದಿನ ಚರಿತ್ರೆ ಬರೆದು ಮುಗಿಸಿದ್ದರು. ದೊರೆಯ ನಂತರ ಸಿಂಹಾಸನಕ್ಕೆ ಬರಬೇಕಾದವನಿಗೆ ಆ ಬಿರುದು ಕೊಟ್ಟು, ತಲೆಗೆ ಪಟ್ಟ ಕಟ್ಟಿ, ಕೈಗೆ ಒಂದು ನಾಡಿನ ಆಡಳಿತ ಕೊಡುವ ಪದ್ಧತಿ ಹಳೆಯದು. ಆ ಪಟ್ಟ ಯಾರಿಗೆ, ಮಗನಿಗೋ ತಮ್ಮನಿಗೋ ಎಂಬುದು ವಿದ್ವಾಂಸರ ಜಗಳ. ಮೈಸೂರಿನಲ್ಲಿ ದೊರೆಯ ತಮ್ಮನೇ ಯುವರಾಜರೆನಿಸಿಕೊಂಡದ್ದನ್ನು ನಮ್ಮ ತಂದೆಯ ಕಾಲದವರು ಕಣ್ಣಾರೆ ಕಂಡಿದ್ದರು. ಆದರೆ ನಮ್ಮ ಕಡೆಯ ಸಣ್ಣ ಪಾಳೆಯಪಟ್ಟುಗಳಲ್ಲಿ ಅದು ಮೊದಲಿನಿಂದಲೂ ಹಿರಿಯ ಮಗನಿಗೇ ಮೀಸಲಾಗಿತ್ತು, ತಮ್ಮನಿಗೆ ಹೋದದ್ದು ಆಮೇಲಿನ ವಿಷಯ ಎಂಬುದು ಸಂಪಾದಕರ ವಾದ. ಅದಕ್ಕೆ ಅವರು ಕೊಟ್ಟ ಅತಿ ಹಳೆಯ ಆಧಾರ, ಯಲಹಂಕದಿಂದ ಅಟ್ಟೂರಿನ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯ ಕಲ್ಲು. ಆ ಕಲ್ಲನ್ನು ನಾಲ್ಕು ವರ್ಷದ ಹಿಂದೆ ನಕಲು ಮಾಡಿದವನು ನಾನು.

ಅಚ್ಚಿಗೆ ಹೋಗುವ ಮೊದಲು ಸಾಲಿನ ಸಂಖ್ಯೆಗಳನ್ನು ತಾಳೆ ನೋಡು ಎಂದು ಸಂಪಾದಕರು ಬರಹವನ್ನು ನನ್ನ ಕೈಗಿಟ್ಟರು. ನಾನು ಹಳೆಯ ನೋಟ್‌ಬುಕ್ ತೆಗೆದೆ. ಒಂಬತ್ತನೆಯ ಸಾಲಿನಲ್ಲಿ ‘ದೊರೆಯ’ ಎಂದಿದೆ, ‘ಯುವರಾಜ’ ಎಂದಿದೆ, ನಡುವೆ ನನ್ನದೇ ಸೀಸದಕಡ್ಡಿಯಲ್ಲಿ [ಮಗ] ಎಂದಿದೆ. ಕಂಸದೊಳಗೆ. ಕಚೇರಿಯ ಚೀಟಿ ತೆಗೆದು ನೋಡಿದರೆ ಅಲ್ಲಿ ಕಂಸವಿಲ್ಲ. ನಡುವೆ ಒಂದು ಸಲ ಸಣ್ಣ ಚೀಟಿಗಳನ್ನೆಲ್ಲ ದೊಡ್ಡ ಚೀಟಿಗಳಿಗೆ ಇಳಿಸಿ ಬರೆಯಬೇಕಾಗಿ ಬಂದಿತ್ತು. ದಿನಕ್ಕೆ ನೂರು ಚೀಟಿ ಬರೆದ ಭರದಲ್ಲಿ ಆ ಎರಡು ಗೀಟು ನನ್ನ ಕೈಯಿಂದಲೇ ಬಿದ್ದು ಹೋಗಿದ್ದವು. ನನ್ನ ಊಹೆ ಕಲ್ಲಿನ ಮಾತಾಗಿತ್ತು. ಅದರ ಮೇಲೆ ಸಂಪಾದಕರು ಮಹಡಿ ಕಟ್ಟಿದ್ದರು.

ನಿಜ ಹೇಳುತ್ತೇನೆ, ಮೊದಲು ಅನ್ನಿಸಿದ್ದು ಸುಮ್ಮನಿರೋಣ ಎಂದೇ. ನನ್ನ ಕೆಲಸ ಕಾಯಂ ಮಾಡುವ ಕಾಗದ ಸಂಪಾದಕರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಊಹೆ ಸರಿಯೇ ಇದ್ದೀತು, ಹತ್ತು ಕಲ್ಲುಗಳಲ್ಲಿ ಎಂಟರಲ್ಲಿ ‘ಮಗ’ ಎಂದೇ ಇರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವಾಗಲಿಲ್ಲ. ಕಲ್ಲನ್ನು ಒಮ್ಮೆ ನೋಡಿಬಿಡೋಣ, ಸರಿಯಿದ್ದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡು ಭಾನುವಾರ ಬೆಳಿಗ್ಗೆ ಯಶವಂತಪುರದಲ್ಲಿ ರೈಲು ಹತ್ತಿದೆ. ಯುಗಾದಿಗೆ ಇನ್ನು ಹತ್ತು ದಿನವಿತ್ತು.

ಯಲಹಂಕದಲ್ಲಿ ಇಳಿದು ಬಾಡಿಗೆ ಸೈಕಲ್ ತುಳಿದೆ. ಹಿಂದೆ ಕ್ಯಾರಿಯರ್‌ಗೆ ಅಚ್ಚು ತೆಗೆಯುವ ಸಾಮಾನು ಕಟ್ಟಿದ್ದೆ: ಕಾಗದದ ಸುರುಳಿ, ಗಡಸು ಕೂದಲಿನ ಬ್ರಷ್ಷು, ಮಸಿಯ ಡಬ್ಬಿ, ಮಸಿ ಒತ್ತುವ ಬಟ್ಟೆಯ ಗಂಟು. ಕಲ್ಲು ಊರಮುಂದಿನ ಅರಳಿಕಟ್ಟೆಯ ಮೇಲಿತ್ತು. ಊರಿನವರು ಅದನ್ನು ದೊರೆಕಲ್ಲು ಎನ್ನುತ್ತಾರೆ, ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಪೂಜೆ ಮಾಡುತ್ತಾರೆ. ಹತ್ತಿರ ಹೋಗಿ ನೋಡಿದೆ. ಹಿಂದಿನ ಸಲ ಆದದ್ದೆಲ್ಲ ನೆನಪಿಗೆ ಬಂತು. ಕಲ್ಲಿನ ಕೆಳಭಾಗಕ್ಕೆ ಕಟ್ಟೆಯ ಗಾರೆ ಓರೆಯಾಗಿ ಏರಿತ್ತು. ಒಂಬತ್ತನೆಯ ಸಾಲಿನ ನಡುವಿನ ಅಕ್ಷರಗಳು ಸರಿಯಾಗಿ ಆ ಗಾರೆಯ ಕೆಳಗೆ ಹೋಗಿದ್ದವು. ಉಳಿದದ್ದರ ಮೇಲೆ ತಲೆಮಾರುಗಳ ಎಣ್ಣೆ ಜಿಗುಟಾಗಿ ಕೂತಿತ್ತು. ಆ ಸಲ ತಂದ ಕಾಗದ ಬೇರೆ ಊರಿನಲ್ಲೇ ಮುಗಿದು ಹೋಗಿ ನಾನು ಬರೀ ಕಣ್ಣಿನಲ್ಲಿ ನೋಡಿ ಬರೆದುಕೊಂಡು ಹೋಗಿದ್ದೆ.

ಪಟೇಲರ ಮನೆಗೆ ಹೋಗಿ ಅಪ್ಪಣೆ ಕೇಳಿದೆ. ಎಪ್ಪತ್ತು ದಾಟಿದ ಮನುಷ್ಯ, ಜಗಲಿಯ ಮೇಲೆ ಕೂತೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಸರ್ಕಾರದೋರಾ?”

“ಅಲ್ಲ ಗೌಡ್ರೇ. ಪುಸ್ತಕ ಮಾಡೋ ಕಚೇರಿ. ಕಲ್ಲಿಗೆ ಹತ್ತಿರೋ ಗಾರೆ ಒಂಚೂರು ಬಿಡಿಸಿ ನೋಡ್ಬೇಕಿತ್ತು.”

“ಪಟೇಲಿಕೆ ಕಿತ್ಕೊಳ್ಳಾಕೆ ಕಾಗ್ದ ಬತ್ತಾ ಐತಂತೆ. ಈಗ ಕಲ್ಲೂ ಕಿತ್ಕೊಂಡೋಗ್ತೀರಾ?” ಎಂದರು. “ಕಾಗ್ದ ಅಂಟಿಸ್ಕೊಳ್ಳಿ. ಕಟ್ಟೆ ಮುಟ್ಟಬ್ಯಾಡಿ.”

ಕಾಗದವನ್ನೇ ಅಂಟಿಸಲು ಹೋದೆ. ಅಚ್ಚು ತೆಗೆಯುವ ಕೆಲಸ ಹೇಳುವುದಕ್ಕೆ ಸುಲಭ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಒಂದೇ ಸಮನೆ ತಟ್ಟುತ್ತ ಹೋದರೆ ಕಾಗದ ಅಕ್ಷರದ ಗುಳಿಗಳೊಳಗೆ ಇಳಿಯುತ್ತದೆ. ಅರೆ ಒಣಗಿದಾಗ ಮೇಲೆ ಮಸಿಯ ಗಂಟು ಒತ್ತಿದರೆ ಕಲ್ಲೆಲ್ಲ ಕಪ್ಪು, ಅಕ್ಷರ ಮಾತ್ರ ಬಿಳಿ. ಆದರೆ ಎಣ್ಣೆಯ ಮೇಲೆ ಒದ್ದೆ ಕಾಗದ ನಿಲ್ಲಬೇಕಲ್ಲ. ಮೇಲೆ ಒತ್ತಿದರೆ ಕೆಳಗೆ ಜಾರಿತು, ಕೆಳಗೆ ಹಿಡಿದರೆ ಮೇಲೆ ಸುರುಳಿಯಾಯಿತು. ಎರಡು ಹಾಳೆ ಹರಿದವು. ಅಷ್ಟಕ್ಕೂ ನನಗೆ ಬೇಕಾದ ಅಕ್ಷರಗಳು ಗಾರೆಯ ಅಡಿಯಲ್ಲಿದ್ದವು. ಸುಮ್ಮನೆ ಮೈಕೈಗೆ ಮಸಿ ಬಳಿದುಕೊಂಡದ್ದಷ್ಟೇ ಲಾಭ.

ಇದನ್ನೆಲ್ಲ ಒಬ್ಬ ಮುದುಕರು ಕಟ್ಟೆಯ ಅಂಚಿನಲ್ಲಿ ಕೂತು ನೋಡುತ್ತಿದ್ದರು. ಪಟೇಲರ ತಮ್ಮ. ಊರೆಲ್ಲ ಅವರನ್ನು ಚಿಕ್ಕಗೌಡರು ಎನ್ನುತ್ತಿತ್ತು. ನಾನು ಸೋತು ಕೂತಾಗ ಮನೆಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಡಿಸಿದರು.

“ನೀವೇ ಅಲ್ವಾ ನಾಕು ವರ್ಸದಿಂದೆ ಬಂದಿದ್ದು?” ಎಂದರು. “ಕಲ್ಲು ಓದಿ ಯೋಳಿದ್ರಲ್ಲ, ದೊರೆ ಮಗನ್ಗೆ ಪಟ್ಟ ಕಟ್ಟಿದ್ರು ಅಂತ.”

ಓದಿ ಹೇಳಿದ್ದೆ. ಆವತ್ತು ಕಟ್ಟೆಯ ಸುತ್ತ ಸೇರಿದವರು ಏನಿದೆ ಏನಿದೆ ಎಂದು ಕೇಳಿದಾಗ ಪಂಡಿತನ ಗತ್ತಿನಲ್ಲಿ ಓದಿದ್ದೆ. ಕಂಸವನ್ನು ಬಾಯಲ್ಲಿ ಓದುವುದು ಹೇಗೆ?

ಚಿಕ್ಕಗೌಡರ ಹೆಂಡತಿ ಒಳಗಿನಿಂದಲೇ ಮಾತು ತೆಗೆದರು. “ಅದ್ರಿಂದ್ಲೇ ಸ್ವಾಮಿ ಈ ಮನೇಲಿ ವೀಳ್ಯ ನಿಂತೋಗ್ತಾ ಇರೋದು.”

ಆಮೇಲೆ ತಿಳಿಯಿತು. ಆ ಊರಿನಲ್ಲಿ ಯುಗಾದಿಯ ಬೆಳಿಗ್ಗೆ ಪಟೇಲರು ದೊರೆಕಲ್ಲಿಗೆ ಪೂಜೆ ಮಾಡಿ, ಮೊದಲ ವೀಳ್ಯವನ್ನು ತಮ್ಮ ಪಕ್ಕದವನಿಗೆ, ಎಂದರೆ ಮುಂದಿನ ಯಜಮಾನನಿಗೆ, ಕೊಡುವುದು ವಾಡಿಕೆ. ಅದು ಯಾವಾಗಲೂ ಮಗನಿಗಲ್ಲ, ತಮ್ಮನಿಗೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಚಿಕ್ಕಗೌಡರು ಹಾಗೆ ನಲವತ್ತು ವರ್ಷ ವೀಳ್ಯ ತೆಗೆದುಕೊಂಡಿದ್ದರು. ನಾನು ಓದಿ ಹೋದ ಮೇಲೆ ಪಟೇಲರ ಮಗ, ಹೈಸ್ಕೂಲು ಓದಿದವನು, ಹಟ ಹಿಡಿದಿದ್ದ. ಕಲ್ಲಿನಲ್ಲೇ ಮಗ ಎಂದಿದೆ, ನೀವು ತಪ್ಪು ವಾಡಿಕೆ ನಡೆಸುತ್ತಿದ್ದೀರಿ ಎಂದು. ನಾಲ್ಕು ವರ್ಷ ತಳ್ಳಿ ತಳ್ಳಿ, ಈ ಯುಗಾದಿಗೆ ವೀಳ್ಯ ಮಗನಿಗೇ ಎಂದು ಪಟೇಲರು ಒಪ್ಪಿಬಿಟ್ಟಿದ್ದರು.

“ಓಗ್ಲಿ ಬಿಡಿ,” ಎಂದರು ಚಿಕ್ಕಗೌಡರು. “ಅಧಿಕಾರ ನಂಗೇನೂ ಬೇಕಾಗಿಲ್ಲ. ಅಣ್ಣ ಇನ್ನೂ ಗಟ್ಟಿಯಾಗವ್ನೆ. ಆದ್ರೆ ಇಷ್ಟು ವರ್ಸ ನಂದಲ್ಲದ್ದು ತಗೊಂಡ್ನಲ್ಲಾ ಅಂತ ನಾಚ್ಕೆ ಆಯ್ತದೆ.”

ಅವರ ಹೆಂಡತಿ ದೇವರ ಗೂಡು ತೋರಿಸಿದರು. ಅಲ್ಲಿ ಒಂದು ಬಿದಿರಿನ ಪುಟ್ಟಿಯ ತುಂಬ ಒಣಗಿ ಪುಡಿಯಾದ ವೀಳ್ಯದೆಲೆ, ಕಲ್ಲಿನಂತಾದ ಅಡಿಕೆ. “ಒಂದು ದಪ ಬಾಯಿಗಾಕ್ಕೊಂಡಿಲ್ಲ. ದೊರೆಕಲ್ಲಿನ ಪರ್ಸಾದ ಅಂತ ಯಾವತ್ತೂ ತಂದು ಇಲ್ಲೇ ಮಡಗೋದು.”

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೇಳಿ, ಕೊನೆಗೆ ಕಲ್ಲಿನಲ್ಲೂ ‘ಮಗ’ ಎಂದೇ ಇದ್ದರೆ ಆ ಮುದುಕರಿಗೆ ಎರಡು ಸಲ ನೋವು ಕೊಟ್ಟಂತೆ ಎಂಬ ನೆಪ ಹುಡುಕಿಕೊಂಡು ಸೈಕಲ್ ಹತ್ತಿದೆ. ನಿಜವಾದ ಕಾರಣ ಹೆದರಿಕೆ.

ಆ ವಾರ ಕಚೇರಿಯಲ್ಲಿ ನಾನು ಮಾಡಿದ ಕೆಲಸ ದೇವರಿಗೇ ಪ್ರೀತಿ. ಸಂಪಾದಕರು ದಿನಕ್ಕೊಮ್ಮೆ “ತಾಳೆ ನೋಡಿ ಮುಗೀತೇನ್ರೀ?” ಎನ್ನುತ್ತಿದ್ದರು, ನಾನು ಇನ್ನೊಂದು ದಿನ ಸಾರ್ ಎನ್ನುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ಹೇಳುತ್ತಿದ್ದುದು ನೆನಪಾಗುತ್ತಿತ್ತು. ಒಡೆದ ಮುತ್ತನ್ನು ಯಾರೂ ಕೂಡಿಸಲಾರರು, ಸರಿ. ಆಡಿದ ಮಾತನ್ನು ತಪ್ಪು ಎಂದು ಹೇಳಲಂತೂ ಬರುತ್ತದಲ್ಲ ಎಂದು ಶನಿವಾರ ಸಂಜೆಯ ಹೊತ್ತಿಗೆ ತೀರ್ಮಾನಕ್ಕೆ ಬಂದೆ. ಮೊದಲು ಹಳ್ಳಿಯಲ್ಲಿ, ಆಮೇಲೆ ಕಚೇರಿಯಲ್ಲಿ, ಕಲ್ಲಿನಲ್ಲಿ ಏನಾದರೂ ಇರಲಿ.

ಭಾನುವಾರ ನೇರವಾಗಿ ಪಟೇಲರ ಜಗಲಿಗೆ ಹೋದೆ. ಚಿಕ್ಕಗೌಡರನ್ನೂ ಪಟೇಲರ ಮಗನನ್ನೂ ಕರೆಸಿ ಎಂದೆ. ಇಬ್ಬರೂ ಬಂದ ಮೇಲೆ ನಿಂತುಕೊಂಡೇ ಹೇಳಿದೆ.

“ನಾಲ್ಕು ವರ್ಷದ ಹಿಂದೆ ನಾನು ಓದಿದ್ದರಲ್ಲಿ ‘ಮಗ’ ಅನ್ನೋದು ಕಲ್ಲಲ್ಲಿ ಕಾಣಿಸಿರಲಿಲ್ಲ. ಆ ಜಾಗ ಗಾರೆಯಲ್ಲಿ ಮುಚ್ಚಿದೆ. ನಾನೇ ಸೇರಿಸಿ ಓದಿದ್ದು.”

ಮೊದಲು ಬಾಯಿಬಿಟ್ಟವನು ಮಗ.

“ನೋಡ್ದೆ ಓದಿದ್ರಾ? ಓದಿರೋರು ಹಿಂಗ್ ಮಾಡ್ಬಹುದೇನ್ರೀ?”

“ಮಾಡಬಾರದು. ಬೇರೆ ಕಲ್ಲುಗಳಲ್ಲಿ ಹಾಗೇ ಇರುತ್ತೆ, ಇಲ್ಲೂ ಅದೇ ಇರುತ್ತೆ ಅಂದ್ಕೊಂಡೆ.”

“ಅಂಗಾರೆ ಕೆಳಗೆ ಏನೈತೆ?” ಎಂದರು ಚಿಕ್ಕಗೌಡರು.

“ಗೊತ್ತಿಲ್ಲ. ಮಗ ಅಂತಾನೇ ಇರಬಹುದು. ನೋಡಿದ್ರೆ ಮಾತ್ರ ಹೇಳೋಕಾಗೋದು.”

ಪಟೇಲರು ನನ್ನನ್ನು ಬಹಳ ಹೊತ್ತು ನೋಡಿದರು. “ಸರ್ಕಾರದೋರಲ್ಲ ಬಿಡು,” ಎಂದರು ತಮ್ಮನ ಕಡೆ ತಿರುಗಿ. “ಅವ್ರು ಯಾವತ್ತೂ ತೆಪ್ಪಾಯ್ತು ಅಂದಿದ್ದಿಲ್ಲ.” ಆದರೂ ಪೂಜೆಯ ಕಲ್ಲನ್ನು ಬ್ರಷ್ಷಿನಲ್ಲಿ ಉಜ್ಜುವುದು, ಕಟ್ಟೆ ಒಡೆಯುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ.

ದಾರಿ ತೋರಿಸಿದ್ದು ಚಿಕ್ಕಗೌಡರ ಹೆಂಡತಿ. ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದರು. “ಬಾವ, ಯುಗಾದಿಗೆ ಮನೆಮಂದಿಗೆಲ್ಲಾ ಎಣ್ಣೆನೀರು ಹಾಕ್ತೀವಿ. ದೊರೆಕಲ್ಗೆ ವರ್ಸಾ ವರ್ಸಾ ಬರೀ ಎಣ್ಣೆ. ನೀರೇ ಹಾಕಿಲ್ವಲ್ಲ. ಅದೂ ಒಂದು ಮೈಯಲ್ವಾ?”

ಪಟೇಲರು ನಕ್ಕುಬಿಟ್ಟರು. “ಆಯ್ತು, ಹಾಕಿ,” ಎಂದರು.

ಎರಡು ಹಂಡೆ ಬಿಸಿನೀರು ಕಾಯಿತು. ಒಂದು ಮೊರದ ತುಂಬ ಸೀಗೆಪುಡಿ ಬಂತು. ಕಚೇರಿಯಲ್ಲಿ ಕಲಿತ ಯಾವ ವಿಧಾನಕ್ಕೂ ಬಗ್ಗದ ಎಣ್ಣೆ, ಸೀಗೆಪುಡಿಯನ್ನು ಬಿಸಿನೀರಲ್ಲಿ ಕಲಸಿ ಮೂರು ಸಲ ಹಚ್ಚಿ ಮೂರು ಸಲ ನೀರು ಹುಯ್ದಾಗ ಕಂದು ನೊರೆಯಾಗಿ ಹರಿಯಿತು. ಕೈಯಲ್ಲೇ ಉಜ್ಜಿದ್ದು, ಬ್ರಷ್ಷು ತಾಕಿಸಲಿಲ್ಲ. ಅಕ್ಷರಗಳು ಒಂದೊಂದಾಗಿ ಮೇಲೆ ಬರುವುದನ್ನು ನೋಡುತ್ತ ನನಗೆ ನಾಲ್ಕು ವರ್ಷದ ಹಿಂದಿನ ನನ್ನ ಕಣ್ಣಿನ ಮೇಲೆ ಸಿಟ್ಟು ಬಂತು. ಐದನೆಯ ಸಾಲಿನಲ್ಲೂ ಒಂದು ಅಕ್ಷರ ತಪ್ಪು ಓದಿದ್ದೆ.

ಉಳಿದದ್ದು ಗಾರೆ. ಚಿಕ್ಕಗೌಡರು ಪಂಚೆ ಎತ್ತಿ ಕಟ್ಟಿ ಮುಂದೆ ಕೂತರು.

“ಅಣ್ಣ, ಈ ಗಾರೆ ಮೆತ್ತಿದ್ದು ನಾನೇ. ಮದುವೆಯಾದ ವರ್ಸ. ಸುಣ್ಣ ಸಾಲ್ದೆ ಮರಳು ಜಾಸ್ತಿ ಆಕಿದ್ದೆ. ಮೆತ್ತಿದೋನೇ ತೆಗೀತೀನಿ, ಯಾರ್ಗೂ ದೋಸ ಇಲ್ಲ.”

“ಕಲ್ಲಿಗೆ ಉಳಿ ತಾಕ್ಬಾರ್ದು,” ಎಂದರು ಪಟೇಲರು.

ಉಳಿ ಬೇಕಾಗಲಿಲ್ಲ. ಒದ್ದೆ ಗೋಣಿಚೀಲ ಹೊದಿಸಿ ಒಂದು ಗಂಟೆ ಕಾದೆವು. ಆಮೇಲೆ ಬಿದಿರಿನ ಚಕ್ಕೆ ಚೂಪು ಮಾಡಿಕೊಂಡು ಚಿಕ್ಕಗೌಡರು ಅಂಚಿನಿಂದ ಎಬ್ಬಿಸತೊಡಗಿದರು. ಮರಳು ಉದುರಿತು. ಒಂದು ಕಡೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಅಲ್ಲಿ ಜೋರು ಮಾಡಲು ಹೋದವರ ಕೈಯನ್ನು ನಾನು ಹಿಡಿದೆ. ಅಕ್ಷರದ ಅಂಚು ಮುರಿದರೆ ಎಲ್ಲ ಮುಗಿದಂತೆ. ಮತ್ತೆ ಗೋಣಿ, ಮತ್ತೆ ಕಾಯುವುದು. ಅವರು ಬಿಸಿಲಲ್ಲೇ ಕೂತಿದ್ದರು. ಅವರ ಅಣ್ಣನ ಮಗನೂ ಹೋಗದೆ ಅರಳಿಮರಕ್ಕೆ ಒರಗಿ ನಿಂತಿದ್ದ.

ಮಧ್ಯಾಹ್ನ ತಿರುಗುವ ಹೊತ್ತಿಗೆ ಹಾಳೆ ಹಾಸಿದೆ. ಮೊದಲನೆಯದನ್ನು ಗಾಳಿ ಹರಿದುಹಾಕಿತು. ಎರಡನೆಯದಕ್ಕೆ ಚಿಕ್ಕಗೌಡರ ಹೆಂಡತಿ ಮತ್ತು ಪಟೇಲರ ಮಗ ಎರಡೂ ಕಡೆ ಕಂಬಳಿ ಹಿಡಿದು ಮರೆ ಮಾಡಿದರು. ತಟ್ಟಿದೆ, ತಟ್ಟಿದೆ, ಭುಜ ಬಿದ್ದುಹೋಗುವಷ್ಟು ತಟ್ಟಿದೆ. ಮಸಿಯ ಗಂಟನ್ನು ಮೇಲಿನ ಸಾಲಿನಿಂದಲೇ ಶುರುಮಾಡಿದೆ. ನೇರ ಒಂಬತ್ತಕ್ಕೆ ಹೋಗಲು ಕೈ ತುಡಿಯುತ್ತಿತ್ತು, ಆದರೆ ಆತುರ ಪಟ್ಟೇ ಅಲ್ಲವೇ ಇಷ್ಟೆಲ್ಲ ಆದದ್ದು. ಒಂದು, ಎರಡು, ಮೂರು. ಒಂಬತ್ತು ಬಂತು. ಕಪ್ಪಿನ ನಡುವೆ ಬಿಳಿಯಾಗಿ ‘ದೊರೆಯ’ ಎದ್ದಿತು. ಅದರ ಪಕ್ಕದಲ್ಲಿ, ನಾನು ‘ಮಗ’ ಎಂದು ಬರೆದಿದ್ದ ಜಾಗದಲ್ಲಿ, ‘ತಮ್ಮ’ ಎಂದಿತ್ತು.

ಓದಿ ಹೇಳಿದೆ.

ಚಿಕ್ಕಗೌಡರು ಕಾಗದವನ್ನಲ್ಲ, ನನ್ನ ಮುಖವನ್ನು ನೋಡಿದರು. “ಒಂದ್ಸಲ ನೋಡ್ದೆ ಓದಿದೀರಿ. ಈಗ ನನ್ ಮುಖ ನೋಡಿ ಓದ್ತಾ ಇಲ್ಲ ತಾನೆ?”

ನ್ಯಾಯವಾದ ಪ್ರಶ್ನೆ. ನಾನು ಪಟೇಲರ ಮಗನನ್ನು ಕರೆದೆ. ಹಳೆಯ ಅಕ್ಷರ ಅವನಿಗೆ ಬರುತ್ತಿರಲಿಲ್ಲ. ಮೂರನೆಯ ಸಾಲಿನಲ್ಲಿ ಗ್ರಾಮದೇವತೆಯ ಹೆಸರಿತ್ತು, ಕೊನೆಗೆ ‘ಅಮ್ಮ’. ಆ ಊರಿನ ಹಸುಗೂಸಿಗೂ ಗೊತ್ತಿದ್ದ ಹೆಸರು. ಅದರ ‘ಮ್ಮ’ದ ಮೇಲೆ ಅವನ ಬೆರಳಿಟ್ಟು, ಈ ಅಕ್ಷರದ ಆಕಾರ ನೋಡ್ಕೊಳ್ಳಿ ಎಂದೆ. ಎರಡನೆಯ ಸಾಲಿನಲ್ಲಿ ‘ತ’ ತೋರಿಸಿದೆ. ಆಮೇಲೆ ಒಂಬತ್ತನೆಯ ಸಾಲಿಗೆ ಅವನೇ ಇಳಿಯಲಿ ಎಂದು ಹಿಂದೆ ಸರಿದೆ. ಅವನು ಮೇಲೆ ನೋಡಿದ, ಕೆಳಗೆ ನೋಡಿದ, ಕಾಗದ ಬಿಟ್ಟು ಒದ್ದೆ ಕಲ್ಲನ್ನೇ ಬೆರಳಿನಿಂದ ಸವರಿ ನೋಡಿದ. ಗೊತ್ತಾಗ್ತಿಲ್ಲ ಎಂದಿದ್ದರೂ ಕೇಳುವವರಿರಲಿಲ್ಲ.

“ತಮ್ಮ ಅಂತಾನೇ ಐತೆ,” ಎಂದ. ಇಷ್ಟು ಹೊತ್ತು ಪೇಟೆಯ ಮಾತಾಡುತ್ತಿದ್ದವನ ಬಾಯಲ್ಲಿ ಊರಿನ ಮಾತು ಬಂದಿತ್ತು.

ಸೋಮವಾರ ಅಚ್ಚಿನ ಹಾಳೆಯನ್ನು ಸಂಪಾದಕರ ಮೇಜಿನ ಮೇಲೆ ಬಿಚ್ಚಿದೆ, ಪಕ್ಕದಲ್ಲಿ ನನ್ನ ನೋಟ್‌ಬುಕ್, ಅದರ ಪಕ್ಕದಲ್ಲಿ ಕಂಸವಿಲ್ಲದ ಚೀಟಿ. ಅವರು ಮೂರನ್ನೂ ನೋಡಿದರು. ಕನ್ನಡಕ ತೆಗೆದರು.

“ಒಂದು ಪುಟವಲ್ಲ, ಇಡೀ ವಾದವೇ ಬಿತ್ತು. ಗೊತ್ತೇನ್ರೀ?”

“ಗೊತ್ತು ಸಾರ್.”

“ನಿಮ್ಮ ಕಾಗದ ಇಲ್ಲೇ ಇದೆ ಅನ್ನೋದೂ ಗೊತ್ತು?”

“ಗೊತ್ತು ಸಾರ್.”

ಆ ಕಾಗದ ಆ ವರ್ಷ ಅಲ್ಲೇ ಉಳಿಯಿತು, ಮುಂದಿನ ವರ್ಷವೂ. ಆದರೆ ಅವರು ಕೆಂಪು ಪೆನ್ಸಿಲ್ ತೆಗೆದುಕೊಂಡು ತಮ್ಮ ಬರಹವನ್ನು ತಾವೇ ಹೊಡೆಯುತ್ತ ಹೋದರು. ಪಟ್ಟ ತಮ್ಮನಿಗೂ ಹೋಗುತ್ತಿದ್ದದ್ದು ಆಮೇಲಿನದಲ್ಲ, ನಮ್ಮ ಕಡೆ ಮೊದಲಿನಿಂದಲೂ ಇತ್ತು ಎಂದು ಹೊಸದಾಗಿ ಬರೆದರು. ಕೆಳಗೆ ಒಂದು ಅಡಿಟಿಪ್ಪಣಿ ಸೇರಿತು: ಹಿಂದಿನ ನಕಲಿನಲ್ಲಿ ‘ಮಗ’ ಎಂಬುದು ನಕಲುಗಾರನ ಊಹೆ. ಅಷ್ಟು ದೊಡ್ಡ ಸಂಪುಟದಲ್ಲಿ ನನ್ನ ವಿಷಯ ಬಂದಿರುವುದು ಆ ಒಂದೇ ಕಡೆ. ಇವತ್ತಿಗೂ ತೆಗೆದು ನೋಡಿದರೆ ನಾಚಿಕೆಯಾಗುತ್ತದೆ, ಅದು ಅಲ್ಲಿದೆಯಲ್ಲ ಎಂದು ಸಮಾಧಾನವೂ ಆಗುತ್ತದೆ.

ಬುಧವಾರ ಯುಗಾದಿ. ಹೋಗದಿರಲು ಮನಸ್ಸಾಗಲಿಲ್ಲ. ಬೆಳಗಿನ ರೈಲಿಗೆ ಹೋದೆ. ಕಟ್ಟೆಗೆ ಬೇವು ಮಾವು ಕಟ್ಟಿದ್ದರು. ತೊಳೆದ ಕಲ್ಲಿಗೆ ಹೊಸ ಎಣ್ಣೆ ಹಚ್ಚಿದ್ದರು, ಆದರೆ ಒಂಬತ್ತನೆಯ ಸಾಲಿನ ಮೇಲೆ ಮಾತ್ರ ಹಚ್ಚಿರಲಿಲ್ಲ. ಯಾರು ಹಾಗೆ ಮಾಡಿದರೆಂದು ನಾನು ಕೇಳಲಿಲ್ಲ. ಪೂಜೆಯಾಯಿತು. ಪಟೇಲರು ತಟ್ಟೆ ಹಿಡಿದು ಎದ್ದರು. ಎಡಗಡೆ ಮಗ, ಬಲಗಡೆ ತಮ್ಮ. ಊರು ನೋಡುತ್ತಿತ್ತು.

“ಪಟೇಲಿಕೆ ಇವತ್ತೋ ನಾಳೆನೋ ಓಯ್ತದೆ,” ಎಂದರು ಪಟೇಲರು ತಮ್ಮನ ಕಡೆ ತಿರುಗಿ. “ವೀಳ್ಯ ಯಾರೂ ಕಿತ್ಕೊಳ್ಳಾಕಾಗಲ್ಲ. ತಕ್ಕೋ.”

ಚಿಕ್ಕಗೌಡರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಇನ್ನು ಮನೆಗೆ ಹೋಗಿ ಗೂಡಿನಲ್ಲಿಡುತ್ತಾರೆ ಎಂದುಕೊಂಡೆ. ಅವರು ಅಲ್ಲೇ ಕಟ್ಟೆಯ ಮೇಲೆ ಕೂತು ಹೆಂಡತಿಯ ಕಡೆ ಕೈ ಚಾಚಿದರು. ಆಕೆ ಸೆರಗಿನೊಳಗಿನಿಂದ ಕುಟ್ಟಾಣಿ ತೆಗೆದು ಕೊಟ್ಟರು. ಮೊದಲೇ ತಂದಿಟ್ಟುಕೊಂಡಿದ್ದರು. ಹಲ್ಲು ಹೋದ ಮುದುಕರು ಎಲೆಗೆ ಸುಣ್ಣ ಸವರಿ, ಅಡಿಕೆ ಸೇರಿಸಿ, ಊರೆಲ್ಲ ಕಾಯುತ್ತಿರಲಿ ಎಂಬಂತೆ ನಿಧಾನವಾಗಿ ಕುಟ್ಟಿದರು. ಬಾಯಿಗೆ ಹಾಕಿಕೊಂಡರು. ಅಗಿದರು. ಆಮೇಲೆ ಅಣ್ಣನ ಮಗನನ್ನು ಹತ್ತಿರ ಕರೆದು ನಾಲಿಗೆ ಚಾಚಿದರು.

“ಕೆಂಪಾಯ್ತೇನ್ಲಾ?”

ಅವನು ಬಗ್ಗಿ ನೋಡಿದ.

“ಆಗೈತೆ ಚಿಕ್ಕಪ್ಪ.”